ಬಾಡಿಗೆಯ ಕೋಣೆಯಲ್ಲಿ ಐದು ದಿನ

ಮಠಾಧಿಪತಿಗಳಾದವರು ಪರಸ್ಥಳಕ್ಕೆ ಹೋದಾಗ ಮಠದಲ್ಲಿಯೋ ಭಕ್ತರ ಮನೆಯಲ್ಲಿಯೋ ಬಿಡಾರ ಮಾಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ನಾವು ಪಟ್ಟಕ್ಕೆ ಬಂದ ಮೇಲಿನ ಇಪ್ಪತ್ತಾರು ವರ್ಷಗಳಲ್ಲಿ ಈ ಪದ್ಧತಿಯನ್ನು ಮೀರುವ ಪ್ರಸಂಗ ಬಂದಿರಲಿಲ್ಲ. ಕಳೆದ ಮಾಘಮಾಸದಲ್ಲಿ ಬಂದಿತು. ಐದು ದಿನ, ನಾಲ್ಕು ರಾತ್ರಿ ನಾವು ಬೆಂಗಳೂರಿನ ಗಾಂಧಿನಗರದ ಒಂದು ವಸತಿಗೃಹದಲ್ಲಿ ಬಾಡಿಗೆ ಕೊಟ್ಟು ಇದ್ದು ಬಂದೆವು. ಇದನ್ನು ಕೇಳಿದ ಕೆಲವು ಸದ್ಭಕ್ತರು ನೊಂದುಕೊಂಡು ಪತ್ರ ಬರೆದಿದ್ದಾರೆ. ತಮ್ಮ ಮನೆ ಇರುವಾಗ ಲಾಡ್ಜಿಗೆ ಹೋದುದೇಕೆಂದು ಪ್ರೀತಿಯಿಂದ ಆಕ್ಷೇಪಿಸಿದ್ದಾರೆ. ಅವರೆಲ್ಲರಿಗೂ ಒಟ್ಟಾಗಿ ಉತ್ತರ ಕೊಡುವ ನೆಪದಲ್ಲಿ, ಆ ಐದು ದಿನಗಳಲ್ಲಿ ನಾವು ಕಲಿತ ಒಂದು ಪಾಠವನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ನಮ್ಮ ಪ್ರೌಢಶಾಲೆಯ ಎರಡು ಶಿಕ್ಷಕ ಹುದ್ದೆಗಳ ಅನುಮೋದನೆಯ ಕಡತ ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಬಹಳ ದಿನಗಳಿಂದ ನಿಂತಿತ್ತು. ಸ್ವತಃ ಬಂದರೆ ಒಂದೇ ದಿನದಲ್ಲಿ ಕೆಲಸವಾದೀತೆಂದು ತಿಳಿದವರು ಹೇಳಿದರು. ನಾವು ಸಾಮಾನ್ಯವಾಗಿ ಇಳಿದುಕೊಳ್ಳುವ ರಾಜಾಜಿನಗರದ ಭಕ್ತರ ಮನೆಯವರು ಆ ದಿನಗಳಲ್ಲಿ ತೀರ್ಥಯಾತ್ರೆಯಲ್ಲಿದ್ದರು. ಬೇರೆ ಮನೆಗಳಿರಲಿಲ್ಲವೆಂದಲ್ಲ. ಆದರೆ ಸ್ವಾಮಿಗಳು ಮನೆಗೆ ಬಂದರೆಂದರೆ ಮನೆಯ ಯಜಮಾನರು ಕೆಲಸಕ್ಕೆ ರಜೆ ಹಾಕುತ್ತಾರೆ, ತಾಯಂದಿರು ನಾಲ್ಕು ಗಂಟೆಗೇ ಎದ್ದು ಮಡಿಯಿಂದ ಅಡಿಗೆಗೆ ನಿಲ್ಲುತ್ತಾರೆ, ನೆರೆಹೊರೆಯವರು ಪಾದಪೂಜೆಗೆ ಬರುತ್ತಾರೆ. ಕಡತದ ಬೆನ್ನುಹತ್ತಿ ಹೋಗುವವರಿಗೆ ಅಷ್ಟೊಂದು ಸೇವೆ ಸಲ್ಲುವುದು ಯುಕ್ತವಲ್ಲವೆಂದು ನಮಗೆ ತೋರಿತು. ಜೊತೆಗೆ ಹೊರಟಿದ್ದ ನಮ್ಮ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯರು, ತಾವು ಹಿಂದೆ ಉಳಿದಿದ್ದ ವಸತಿಗೃಹವೊಂದನ್ನು ಹೆಸರಿಸಿದರು. ತೀರಾ ಅಗ್ಗದ್ದೂ ಅಲ್ಲ, ಶ್ರೀಮಂತರದ್ದೂ ಅಲ್ಲ. ದಿನಕ್ಕೆ ೧,೬೦೦ ರೂಪಾಯಿ, ತೆರಿಗೆ ಬೇರೆ. ನಾವು ಒಪ್ಪಿದೆವು.

ಗಾಂಧಿನಗರವನ್ನು ನೋಡದ ಕನ್ನಡಿಗರು ಅಪೂರ್ವ. ಊರಿನಿಂದ ಬಂದ ಬಸ್ಸು ಇಳಿಸುವುದೇ ಅದರ ಅಂಚಿನಲ್ಲಿ. ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವ ನೆಲ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯ ಅಂಗಳ. ಕೆರೆ ಬತ್ತಿ ಬಯಲಾಯಿತು. ಬಯಲು ಬಸ್ ನಿಲ್ದಾಣವಾಯಿತು. ಈಗ ಆ ನೆಲದ ಕೆಳಗೆ ಮೆಟ್ರೋ ರೈಲೂ ಓಡುತ್ತದೆ. ಹಿಂದೆ ನೀರು ನಿಲ್ಲುತ್ತಿದ್ದ ಎಡೆಯಲ್ಲಿ ಇಂದು ಜನ ಹರಿಯುತ್ತಿದ್ದಾರೆ. ಪಕ್ಕದಲ್ಲೇ ಊರಿನ ಗ್ರಾಮದೇವತೆ ಅಣ್ಣಮ್ಮನ ಗುಡಿ. ಇಡೀ ಪ್ರದೇಶವನ್ನು ಜನ ‘ಮೆಜೆಸ್ಟಿಕ್’ ಎಂದೇ ಕರೆಯುತ್ತಾರೆ. ಆ ಹೆಸರನ್ನು ಕೊಟ್ಟ ಚಿತ್ರಮಂದಿರ ಈಗಿಲ್ಲ. ೧೯೬೮ರಲ್ಲಿ ಆರಂಭವಾಗಿ ತನ್ನ ವಿಶಾಲತೆಗೆ ಹೆಸರಾಗಿದ್ದ ಕಪಾಲಿಯೂ ಈಗಿಲ್ಲ. ರೂಪ ಅಳಿದು ನಾಮ ಉಳಿದ ಈ ಬಗೆಯನ್ನು ವೇದಾಂತದ ತರಗತಿಯಲ್ಲಿ ಉದಾಹರಣೆಯಾಗಿ ಕೊಡಬಹುದು. ಅಳಿದುವು ಅಳಿದರೂ ಬೀದಿಗಳ ಸಡಗರ ಕುಂದಿಲ್ಲ. ಉಳಿದ ಚಿತ್ರಮಂದಿರಗಳು, ಹಣ್ಣಿನ ಗಾಡಿಗಳು, ಬಟ್ಟೆಯಂಗಡಿಗಳು, ದರ್ಶಿನಿಗಳು, ಬೀದಿಗೆ ಹತ್ತಾರರಂತೆ ವಸತಿಗೃಹಗಳು. ಇವುಗಳ ನಡುವೆ ಹಗಲಿರುಳೂ ಜನಪ್ರವಾಹ.

ವಸತಿಗೃಹದ ಬಾಗಿಲಲ್ಲಿಯೇ ನಮ್ಮ ಮೊದಲನೆಯ ಪರೀಕ್ಷೆ ನಡೆಯಿತು. ಮೇಜಿನ ಹಿಂದಿದ್ದ ವ್ಯವಸ್ಥಾಪಕರು ನಮ್ಮ ಕಾವಿಯನ್ನು ನೋಡಿ ಎದ್ದು ಕೈಮುಗಿದರು. ಅನಂತರ ಕುಳಿತು, ಎಲ್ಲರನ್ನೂ ಕೇಳುವಂತೆಯೇ, ಆಧಾರ್ ಚೀಟಿಯನ್ನು ಕೇಳಿದರು. ದೊಡ್ಡದೊಂದು ಪುಸ್ತಕವನ್ನು ನಮ್ಮ ಮುಂದಿಟ್ಟರು. ಹೆಸರು, ತಂದೆಯ ಹೆಸರು, ವಯಸ್ಸು, ಉದ್ಯೋಗ, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಬಂದ ಕಾರಣವೇನು ಎಂದು ಅಂಕಣಗಳು. ತಂದೆಯ ಹೆಸರಿನ ಅಂಕಣದಲ್ಲಿ ನಾವು ನಮ್ಮ ಗುರುಗಳ ಹೆಸರನ್ನು ಬರೆದೆವು. ಉದ್ಯೋಗದ ಅಂಕಣದ ಮುಂದೆ ಲೇಖನಿ ಕ್ಷಣಕಾಲ ನಿಂತಿತು. ಕಡೆಗೆ ‘ಮಠ’ ಎಂದಷ್ಟೇ ಬರೆದೆವು. ಎಲ್ಲಿಂದ ಬಂದೆ, ಎಲ್ಲಿಗೆ ಹೋಗುವೆ ಎಂಬ ಪ್ರಶ್ನೆಯನ್ನು ಎಷ್ಟೋ ಪ್ರವಚನಗಳಲ್ಲಿ ನಾವು ಜನರ ಮುಂದಿಟ್ಟಿದ್ದೇವೆ. ನಮ್ಮ ಮುಂದೆ ಅದನ್ನು ಯಾರೋ ಇಟ್ಟು, ಉತ್ತರ ಬರೆಯಲು ಎರಡಂಗುಲ ಜಾಗ ಬಿಟ್ಟುದು ಇದೇ ಮೊದಲು. ನಮ್ಮ ಮೇಲಿನ ಸಾಲಿನಲ್ಲಿ ಸೀರೆಯ ವ್ಯಾಪಾರಿಯೊಬ್ಬರ ಹೆಸರಿತ್ತು. ಕೆಳಗಿನ ಸಾಲು ಮುಂದೆ ಬರುವ ಯಾರಿಗೋ ಖಾಲಿಯಿತ್ತು.

ಮೂರನೆಯ ಅಂತಸ್ತಿನಲ್ಲಿ ಕೋಣೆ. ಎರಡು ಮಂಚ, ಒಂದು ಮೇಜು, ಗೋಡೆಗೆ ದೂರದರ್ಶನದ ಪೆಟ್ಟಿಗೆ, ಬೀದಿಗೆ ತೆರೆದ ಕಿಟಕಿ. ದೂರದರ್ಶನಕ್ಕೆ ಒಂದು ವಸ್ತ್ರವನ್ನು ಹೊದಿಸಿ, ಮೇಜನ್ನು ತೊಳೆಸಿ ಪೂಜೆಗೆ ಅಣಿಮಾಡಿಕೊಂಡೆವು. ರಾತ್ರಿ ಮಲಗಿದಾಗ ಗೊತ್ತಾಯಿತು, ಈ ಬೀದಿ ಮಲಗುವುದಿಲ್ಲವೆಂದು. ಕೊನೆಯ ಆಟ ಬಿಟ್ಟ ಜನರ ಮಾತು, ಆಟೋಗಳ ಸದ್ದು, ತಳ್ಳುಗಾಡಿಯವನು ಬಾಣಲೆಗೆ ಬಡಿಯುವ ಸೌಟಿನ ಸದ್ದು. ಅದು ಅಡಗುವಷ್ಟರಲ್ಲಿ ದೂರದೂರದ ಊರುಗಳಿಂದ ಬಂದ ರಾತ್ರಿ ಬಸ್ಸುಗಳು, ನಿದ್ದೆಗಣ್ಣಿನ ಮಕ್ಕಳನ್ನು ಎತ್ತಿಕೊಂಡು ಇಳಿಯುವ ತಾಯಂದಿರು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕುಳಿತಾಗ ದೃಷ್ಟಿ ನಿಂತರೂ ಕಿವಿ ಬೀದಿಗೆ ಓಡುತ್ತಿತ್ತು.

ಆಗ ನಮಗೆ ಕಾಶಿಯ ನೆನಪಾಯಿತು. ಸಂಸ್ಕೃತಾಧ್ಯಯನದ ವರ್ಷಗಳಲ್ಲಿ ನಾವು ಅಲ್ಲಿಯ ಜಂಗಮವಾಡಿ ಮಠದಲ್ಲಿದ್ದೆವು. ಅದೂ ಗೋದೌಲಿಯಾದ ಸಮೀಪ. ಆ ಪ್ರದೇಶದ ಗದ್ದಲ ಗಾಂಧಿನಗರಕ್ಕೆ ಕಡಮೆಯದಲ್ಲ. ಆದರೂ ಅಲ್ಲಿ ಒಂದು ದಿನವೂ ಪೂಜೆ ಕದಡಿದ ನೆನಪಿಲ್ಲ. ವ್ಯತ್ಯಾಸ ಎಲ್ಲಿದೆ? ಅಲ್ಲಿ ನಾವು ‘ನಮ್ಮ’ ಗೋಡೆಯ ಒಳಗಿದ್ದೆವು. ಇಲ್ಲಿ ಗೋಡೆ ನಮ್ಮದಲ್ಲ, ಹಾಸಿಗೆ ನಮ್ಮದಲ್ಲ, ನಮ್ಮನ್ನು ಬಲ್ಲವರಿಲ್ಲ. ಸದ್ದು ಹೆಚ್ಚಾದುದರಿಂದಲ್ಲ, ಆಸರೆ ಕಡಮೆಯಾದುದರಿಂದ ಮನಸ್ಸು ಚಂಚಲವಾಗಿತ್ತು. ಇಷ್ಟು ವರ್ಷಗಳ ಏಕಾಗ್ರತೆಯಲ್ಲಿ ಎಷ್ಟು ಪಾಲು ಸಾಧನೆಯದು, ಎಷ್ಟು ಪಾಲು ಮಠದ ಗೋಡೆಯದು ಎಂಬ ಸಂದೇಹ ನಮ್ಮನ್ನು ಕಾಡಿತು. ಈ ಸಂದೇಹ ಒಳ್ಳೆಯದೇ.

ಪೂಜೆಗೆ ಬಿಲ್ವಪತ್ರೆಯಿರಲಿಲ್ಲ. ಒಂದೇ ದಿನದ ಪ್ರಯಾಣವೆಂದು ನಾವು ತಂದಿದ್ದುದು ಮೊದಲ ಬೆಳಗಿಗೇ ಮುಗಿಯಿತು. ಸಂಜೆ ಮೇಷ್ಟ್ರು ವ್ಯವಸ್ಥಾಪಕರನ್ನು ವಿಚಾರಿಸಿದರು, ಅವರು ನೋಡೋಣವೆಂದರು. ಎರಡನೆಯ ಬೆಳಗ್ಗೆ ನಾಲ್ಕೂವರೆಗೆ ಬಾಗಿಲು ತೆರೆದಾಗ, ಹೊಸ್ತಿಲ ಬಳಿ ಬಾಳೆಯೆಲೆಯಲ್ಲಿ ಸುತ್ತಿದ ಹಸಿ ಬಿಲ್ವಪತ್ರೆಯೂ ಒಂದು ಹಿಡಿ ಬಿಳಿಯ ಸೇವಂತಿಗೆಯೂ ಇದ್ದುವು. ಪೂಜೆಗೆ ಕುಳಿತಾಗ, ಹೊರಗಿನ ಓಣಿಯಲ್ಲಿ ಬಕೆಟ್ಟಿನ ಸದ್ದು ಮಾಡುತ್ತಿದ್ದವರಿಗೆ ಯಾರೋ ಪಿಸುದನಿಯಲ್ಲಿ ಹೇಳಿದ್ದು ಕೇಳಿಸಿತು: “ಪೂಜೆ ನಡೀತೈತೆ. ಆ ಕಡೆಯಿಂದ ಒರಸ್ಕಂಡು ಬರ‍್ರೋ.” ಇದೊಂದು ಒಳ್ಳೆಯ ವಸತಿಗೃಹವೆಂದು ನಾವು ಸಂತೋಷಪಟ್ಟೆವು. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ಪ್ರಸಾದದ ಪ್ರಶ್ನೆಯೂ ಎದ್ದಿತು. ಮೊದಲ ದಿನ ಹಾಲು ಹಣ್ಣಿನಲ್ಲಿ ಕಳೆದೆವು. ಎರಡನೆಯ ದಿನ ಮೇಷ್ಟ್ರು, ನಾವು ಉಣ್ಣದೆ ತಾವು ಉಣ್ಣಲಾಗದೆ, ತಮ್ಮ ಸಕ್ಕರೆ ಕಾಯಿಲೆಯೊಡನೆ ಉಪವಾಸ ಮಾಡುತ್ತಿರುವುದು ಗಮನಕ್ಕೆ ಬಂತು. ಕೆಳಗಿನ ಸಸ್ಯಾಹಾರಿ ಉಪಾಹಾರಗೃಹದಿಂದ ಇಡ್ಲಿ ತರಿಸಿದೆವು. ಲಿಂಗಕ್ಕೆ ಅರ್ಪಿಸಿದ ಪದಾರ್ಥ ಪ್ರಸಾದವಾಗುತ್ತದೆಂಬುದು ನಮ್ಮ ಧರ್ಮದ ಮೂಲತತ್ತ್ವಗಳಲ್ಲಿ ಒಂದು. ಬೆಂದ ಒಲೆ ಯಾರದೆಂಬುದನ್ನು ಅರ್ಪಣದ ಮೇಲೂ ಎಣಿಸುತ್ತ ಕುಳಿತರೆ ತತ್ತ್ವವನ್ನು ನಾವೇ ನಂಬಿಲ್ಲವೆಂದಾಗುತ್ತದೆ. ಅರ್ಪಿಸಿ ಸ್ವೀಕರಿಸಿದೆವು.

ಕಚೇರಿಯ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಮೊದಲನೆಯ ದಿನ ಸಂಬಂಧಪಟ್ಟವರು ಸಭೆಯಲ್ಲಿದ್ದರು. ಎರಡನೆಯ ದಿನ ಕಡತ ಬೇರೊಂದು ಮೇಜಿನಲ್ಲಿತ್ತು. ಮೂರನೆಯ ದಿನ ಎಲ್ಲವೂ ಸರಿಯಾಗಿತ್ತು, ಒಂದು ಸಹಿ ಮಾತ್ರ ಉಳಿದಿತ್ತು. ದಿನವೂ ಕಡೆಯಲ್ಲಿ ಕೇಳಿದ ಮಾತು ಒಂದೇ: “ನಾಳೆ ಬನ್ನಿ.” ಕಾವಿ ಕಂಡು ಕುರ್ಚಿ ಕೊಡುತ್ತಿದ್ದರು, ಗೌರವದಿಂದಲೇ ಮಾತನಾಡುತ್ತಿದ್ದರು. ಆದರೆ ಪಕ್ಕದ ಬೆಂಚಿನಲ್ಲಿ ನಿವೃತ್ತಿವೇತನಕ್ಕಾಗಿ ಅಲೆಯುತ್ತಿದ್ದ ವೃದ್ಧ ತಾಯಿಗೂ ನಮಗೂ ದೊರೆಯುತ್ತಿದ್ದ ಫಲ ಸಮಾನವೇ. ಒಂದು ಕಾಗದ ಒಬ್ಬರ ಕೈಯಲ್ಲಿ ಸುಮ್ಮನೆ ಬಿದ್ದಿದ್ದರೆ ಇನ್ನೊಬ್ಬರ ಬಾಳು ಹೇಗೆ ನಿಂತುಬಿಡುತ್ತದೆಂದು ಮೇಷ್ಟ್ರ ಬಳಿ ಕಟುವಾಗಿಯೇ ನುಡಿದೆವು. ಆ ಮಾತನ್ನು ನೆನೆದು ಮರುದಿನ ನಾವೇ ನಾಚಬೇಕಾಯಿತು.

ಸಂಜೆಗಳಲ್ಲಿ ನಡೆದಾಡಲು ಹೋಗುತ್ತಿದ್ದೆವು. ಎರಡನೆಯ ಸಂಜೆ ರೈಲು ನಿಲ್ದಾಣದ ಕಡೆಗೆ ಹೋಗಿ, ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರ ಛತ್ರದ ಮುಂದೆ ನಿಂತೆವು. ಈ ಪತ್ರಿಕೆಯ ವಾಚಕರಲ್ಲಿ ಎಷ್ಟೋ ಮಂದಿ ಅಲ್ಲಿಯ ವಿದ್ಯಾರ್ಥಿನಿಲಯದ ಅನ್ನವನ್ನು ಉಂಡವರು. ತೋಟದಪ್ಪನವರು ೧೮೩೮ರಲ್ಲಿ ಜನಿಸಿದವರು. ಬೆಂಗಳೂರಿನ ಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದವರು. ರೈಲು ಇಳಿದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಲ್ಲುವ ಪರಸ್ಥಳದವರಿಗೆ ತಂಗಲು ನೆಲೆಯಿರಲೆಂದು ನಿಲ್ದಾಣದ ಸಮೀಪವೇ ನೆಲ ಕೊಂಡು ಛತ್ರವನ್ನು ಕಟ್ಟಿಸಿದರು. ೧೯೦೩ರ ಫೆಬ್ರವರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಎರಡು ವರ್ಷಗಳ ಮೇಲೆ, ೧೯೦೫ರಲ್ಲಿ, ಓದಲು ಬರುವ ಬಡಮಕ್ಕಳಿಗೆ ಉಚಿತ ವಿದ್ಯಾರ್ಥಿನಿಲಯವೂ ಆರಂಭವಾಯಿತು. ೧೯೧೦ರಲ್ಲಿ ಅವರು ಲಿಂಗೈಕ್ಯರಾದರು. ದಾರಿಹೋಕನಿಗೆ ಮೊದಲು ನೆರಳು, ಅನಂತರ ವಿದ್ಯಾರ್ಥಿಗೆ ನೆರಳು; ಈ ಕ್ರಮದಲ್ಲಿ ಒಂದು ಔಚಿತ್ಯವಿದೆ. ಓದಲು ಊರು ಬಿಟ್ಟು ಬಂದ ಹುಡುಗನೂ ಒಬ್ಬ ದಾರಿಹೋಕನೇ ಅಲ್ಲವೇ?

ಛತ್ರದಿಂದ ವಸತಿಗೃಹಕ್ಕೆ ಹಿಂದಿರುಗುವಾಗ ಎರಡನ್ನೂ ತೂಗಿನೋಡಿದೆವು. ಛತ್ರ ಧರ್ಮದ್ದು, ಲಾಡ್ಜು ಹಣದ್ದು ಎಂದು ಹೇಳಿಬಿಡುವುದು ಸುಲಭ. ಆದರೆ ಈ ಬಾಡಿಗೆಯ ಬಾಗಿಲಿಗೂ ಅದರದೇ ಆದ ಒಂದು ಗೌರವವಿದೆ. ನಮ್ಮ ನಾಡಿನ ಊರುಗಳಲ್ಲಿ ಹೋಟೆಲುಗಳು ಮೊದಲಾದಾಗ, ಬ್ರಾಹ್ಮಣರ ಫಲಾಹಾರ ಮಂದಿರ, ಲಿಂಗಾಯತ ಖಾನಾವಳಿ ಎಂದು ಹಲಗೆ ಬರೆಸಿ ತೂಗುಹಾಕುತ್ತಿದ್ದುದುಂಟು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೫ನೆಯ ವಿಧಿ, ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ, ಜಾತಿ ಧರ್ಮಗಳ ಕಾರಣದಿಂದ ಯಾರ ಪ್ರವೇಶವನ್ನೂ ತಡೆಯಲಾಗದೆಂದು ವಿಧಿಸಿತು. ಅಷ್ಟು ದೊಡ್ಡ ಗ್ರಂಥದಲ್ಲಿ ಹೋಟೆಲಿನ ಬಾಗಿಲಿಗೆ ಸ್ಥಾನ ದೊರೆತುದು ಸಣ್ಣ ಸಂಗತಿಯಲ್ಲ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆ ಬಂದವರ ಕುಲವನ್ನು ಕೇಳಲಿಲ್ಲ. ಇಲ್ಲಿಯ ಪುಸ್ತಕದಲ್ಲಿ ಅಷ್ಟೊಂದು ಅಂಕಣಗಳಿದ್ದರೂ ಜಾತಿಗೆ ಅಂಕಣವಿರಲಿಲ್ಲ. ಬಂದ ಪ್ರತಿಯೊಬ್ಬರ ಹೆಸರೂ ಅದರಲ್ಲಿತ್ತು. ಹೊಡೆದುಹಾಕಿದ ಹೆಸರು ಒಂದೂ ಕಾಣಲಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇವೆ. ನಾಲ್ಕನೆಯ ಬೆಳಗ್ಗೆ ನಮಗೆ ಎಂದಿಗಿಂತ ಮುಂಚೆಯೇ ಎಚ್ಚರವಾಯಿತು. ಬಾಗಿಲು ತೆರೆದಾಗ, ಒಬ್ಬ ತರುಣ ಬಾಗಿ ಪತ್ರೆಯ ಪೊಟ್ಟಣವನ್ನು ಇಡುತ್ತಿದ್ದ. ಇಪ್ಪತ್ನಾಲ್ಕು ಇಪ್ಪತ್ತೈದರ ಪ್ರಾಯ, ಕುರುಚಲು ಗಡ್ಡ, ವಸತಿಗೃಹದ ನೀಲಿ ಅಂಗಿ. ಚಪ್ಪಲಿಯನ್ನು ದೂರದಲ್ಲಿ ಕಳಚಿಟ್ಟು ಬಂದಿದ್ದ. ನಮ್ಮನ್ನು ಕಂಡೊಡನೆ ನೆಲಕ್ಕೆ ತಲೆಯಿಟ್ಟು ನಮಸ್ಕರಿಸಿ, ಹೊರಡಲು ಅವಸರಪಟ್ಟ. ನಾವು ನಿಲ್ಲಿಸಿ ಯಾವ ಊರೆಂದು ಕೇಳಿದೆವು. ನಮ್ಮ ಮಠಕ್ಕೆ ಹತ್ತು ಮೈಲಿ ದೂರದ ಒಂದು ಹಳ್ಳಿಯ ಹೆಸರನ್ನು ಹೇಳಿದ.

“ನಮ್ಮನ್ನು ಬಲ್ಲೆಯಾ ಹಾಗಾದರೆ?”

“ಮೂರು ವರ್ಷ ನಿಮ್ಮ ಹಾಸ್ಟೆಲ್ನಾಗೆ ಇದ್ದೆ ಬುದ್ಧಿ. ಒಂಬತ್ತನೇ ಕ್ಲಾಸಿನಾಗೆ ನೀವು ಮನೆಗೆ ಕಳಿಸಿದ್ರಿ.”

ಓಡಿಸಿದಿರಿ ಎನ್ನಲಿಲ್ಲ, ಕಳಿಸಿದಿರಿ ಎಂದ. ಏಕೆ ಕಳಿಸಿದೆವೆಂದು ಕೇಳಿದೆವು.

“ರಾತ್ರಿ ಕಾಂಪೌಂಡ್ ಹಾರಿ ಸಿನಿಮಾಕ್ಕೆ ಹೋಗಿದ್ದೆ ಬುದ್ಧಿ. ಎರಡು ಸಲ.” ಹೀಗೆಂದು ಮೆಲ್ಲನೆ ನಕ್ಕ. “ಈಗ ಥಿಯೇಟರ್ ಪಕ್ಕದಾಗೇ ಇದೀನಿ. ಹೋಗಾಕೆ ಪುರುಸೊತ್ತಿಲ್ಲ.”

ಸದ್ಭಕ್ತರಲ್ಲಿ ಮುಚ್ಚುಮರೆಯೇಕೆ? ನಮಗೆ ಅವನ ನೆನಪಿರಲಿಲ್ಲ. ಮುಖವಾಗಲಿ, ಹೆಸರಾಗಲಿ, ಅವನನ್ನು ಕಳಿಸಿದ ದಿನವಾಗಲಿ ಯಾವುದೂ ನೆನಪಿರಲಿಲ್ಲ. ನಾವು ಎಷ್ಟು ಗಂಟೆಗೆ ಏಳುತ್ತೇವೆ, ಪೂಜೆಗೆ ಏನು ಬೇಕು, ಯಾವ ಹೂ ನಮಗೆ ಇಷ್ಟವೆಂಬುದು ಅವನಿಗೆ ನೆನಪಿತ್ತು. ಮಾರುಕಟ್ಟೆಯಿಂದ ಹೂವಿನ ಹೊರೆ ತರುವ ಆಟೋದವನಿಗೆ ಹೇಳಿ, ತನ್ನ ಕೈಯಿಂದ ಹಣ ಕೊಟ್ಟು ಅವನ್ನು ತರಿಸುತ್ತಿದ್ದ. ವ್ಯವಸ್ಥಾಪಕರಿಗೆ ನಮ್ಮ ಬೇಡಿಕೆ ಮರೆತೇ ಹೋಗಿತ್ತೆಂದು ಆಮೇಲೆ ತಿಳಿಯಿತು.

ಮೂರು ದಿನ ಏಕೆ ಮರೆಯಲ್ಲಿದ್ದೆ ಎಂದು ಕೇಳಿದೆವು. ಅವನು ಉತ್ತರಿಸಲಿಲ್ಲ. ಹೊತ್ತು ಕಳೆದ ಮೇಲೆ, ಒಂದು ಮಾತು ಕೇಳಬಹುದೇ ಎಂದ. ಹಣವನ್ನೋ ಬೇರೆ ಕೆಲಸಕ್ಕೆ ಶಿಫಾರಸನ್ನೋ ಕೇಳಿಯಾನೆಂದು ನಾವು ಎಣಿಸಿದೆವು. ಅವನು ಕೇಳಿದ್ದು ತನ್ನ ವರ್ಗಾವಣೆ ಪತ್ರವನ್ನು. ಖಾಸಗಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಲು ಹೋದಾಗ, ಹಿಂದೆ ಓದಿದ ಶಾಲೆಯ ಪತ್ರ ಬೇಕೆಂದರಂತೆ. ನಾಲ್ಕು ವರ್ಷದ ಕೆಳಗೆ, ಒಂದು ದಿನದ ರಜೆ ಪಡೆದು ನಮ್ಮ ಶಾಲೆಗೆ ಬಂದಿದ್ದನಂತೆ.

“ಪತ್ರ ರೆಡಿ ಐತೆ, ಹಾಸ್ಟೆಲಿಂದ ಬಾಕಿ ಇಲ್ಲ ಅಂತ ಬುದ್ಧಿಯೋರ ಸಹಿ ಆಗ್ಬೇಕು, ನಾಳೆ ಬಾ ಅಂದ್ರು. ನಾಳೆ ನಂಗೆ ಇಲ್ಲಿ ಡ್ಯೂಟಿ ಇತ್ತು ಬುದ್ಧಿ.”

ನಮ್ಮ ಹಿಂದೆ ನಿಂತಿದ್ದ ಮೇಷ್ಟ್ರು ತಲೆ ತಗ್ಗಿಸಿದರು. ಪತ್ರ ಅವರ ಕಾಲದ್ದು. ಸಹಿ ನಮ್ಮದು.

“ನೇರವಾಗಿ ನಮ್ಮನ್ನೇ ಕಾಣಬಹುದಿತ್ತಲ್ಲವೇ?” ಎಂದೆವು. ಈ ಪ್ರಶ್ನೆಗೆ ಅವನು ಕೊಟ್ಟ ಉತ್ತರವನ್ನು, ಒಂದಕ್ಷರವನ್ನೂ ಬದಲಿಸದೆ ಇಲ್ಲಿ ಬರೆಯುತ್ತಿದ್ದೇವೆ.

“ಮೂರು ವರ್ಷ ಊಟ ಹಾಕಿದೀರಿ ಬುದ್ಧಿ. ಪುಕ್ಸಟ್ಟೆ ಉಂಡೋನು ಹೆಂಗೆ ಬಂದು ಕೇಳ್ಲಿ?”

ಅವನು ಇಷ್ಟು ಹೇಳಿ, ಕೆಳಗಿನಿಂದ ಯಾರೋ ಕೂಗಿದರೆಂದು ಹೊರಟುಹೋದ. ನಾವು ಪೂಜೆಗೆ ಕುಳಿತೆವು. ಆ ದಿನ ಬೀದಿಯ ಸದ್ದು ಕಿವಿಗೆ ಬೀಳಲಿಲ್ಲ. ಆ ಮಾತೊಂದೇ ಕೇಳಿಸುತ್ತಿತ್ತು.

ಹಿಂದಿನ ದಿನ ಸ್ನಾನಕ್ಕೆ ಬಿಸಿನೀರು ತಡವಾದಾಗ ನಾವು ಕೆಳಗೆ ಹೇಳಿಕಳಿಸಿದ್ದೆವು. ಕೂಡಲೇ ಬಂದು ಸರಿಪಡಿಸಿ, ಕ್ಷಮಿಸಬೇಕೆಂದು ಕೇಳಿ ಹೋಗಿದ್ದರು. ಬಾಡಿಗೆ ಕೊಟ್ಟವನಿಗೆ ಕೇಳುವ ಹಕ್ಕಿದೆ. ಅವನ ಹಣವೇ ಅವನ ನಾಲಗೆ. ಧರ್ಮದ ಅನ್ನವನ್ನು ಉಂಡವನಿಗೆ ಆ ನಾಲಗೆಯಿಲ್ಲ. ತೊವ್ವೆಗೆ ಉಪ್ಪು ಕಡಮೆಯಾದರೂ, ತೀರ್ಪಿಗೆ ನ್ಯಾಯ ಕಡಮೆಯಾದರೂ ಅವನು ಸುಮ್ಮನಿರುತ್ತಾನೆ. ಆ ಮೌನವನ್ನು ನಾವು ಸಂತೃಪ್ತಿಯೆಂದು ತಿಳಿದುಕೊಂಡು ವಾರ್ಷಿಕ ವರದಿಗಳಲ್ಲಿ ಬರೆಯುತ್ತೇವೆ. ಆದುದರಿಂದ ಹಣ ಪಡೆದು ನೆಲೆ ಕೊಡುವವನಿಗಿಂತ, ಹಣ ಪಡೆಯದೆ ಕೊಡುವವನು ನೂರ್ಮಡಿ ಎಚ್ಚರವಾಗಿರಬೇಕು. ಕೇಳುವ ಬಾಯಿಲ್ಲದವನ ಮಾತನ್ನು ಕೇಳಿಸಿಕೊಳ್ಳುವ ಕಿವಿ ಅವನಿಗೆ ಬೇಕು.

ದಾಸೋಹವೆಂಬ ಶಬ್ದದ ಅರ್ಥವನ್ನು ನಾವು ಎಷ್ಟು ಸಲ ವಿವರಿಸಿಲ್ಲ! ದಾನದಲ್ಲಿ ಕೊಡುವವನು ಮೇಲು, ಕೊಳ್ಳುವವನು ಕೆಳಗು. ದಾಸೋಹದಲ್ಲಿ ಕೊಡುವವನೇ ದಾಸನೆಂದು ಶರಣರು ಆ ಸಂಬಂಧವನ್ನೇ ತಿರುಗಿಸಿದರು. ಆದರೆ ಉಂಡ ಹುಡುಗನೊಬ್ಬ ಒಂಬತ್ತು ವರ್ಷಗಳ ಮೇಲೂ ತನ್ನ ಕಾಗದವನ್ನು ತಾನು ಕೇಳಲು ಅಂಜುತ್ತಾನೆಂದರೆ, ನಮ್ಮಲ್ಲಿ ನಡೆದದ್ದು ದಾಸೋಹವೋ ದಾನವೋ? ದಾನವೇ. ಒಳ್ಳೆಯ ದಾನವೇ ಇರಬಹುದು, ಆದರೂ ದಾನ.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಾನೂರು ಮಕ್ಕಳ ಪ್ರಸಾದನಿಲಯ ನಿಯಮವಿಲ್ಲದೆ ನಡೆಯದು. ಹದಿನೈದು ವರ್ಷದ ಬಾಲಕ ನಡುರಾತ್ರಿ ಗೋಡೆ ಹಾರಿ ಹೆದ್ದಾರಿಯಲ್ಲಿ ನಡೆದುಹೋದರೆ ಅದು ತಪ್ಪು. ಅನಾಹುತವಾದರೆ ಅವನ ತಾಯಿಗೆ ಉತ್ತರ ಹೇಳಬೇಕಾದವರು ನಾವು. ನಿಯಮವನ್ನು ಜಾರಿಮಾಡಿದುದಕ್ಕೆ ನಾವು ವಿಷಾದಪಡುತ್ತಿಲ್ಲ. ಆದರೆ ಶಿಕ್ಷೆ ಕೊಟ್ಟವನ ಕರ್ತವ್ಯ ಶಿಕ್ಷೆಯೊಡನೆ ಮುಗಿಯುವುದಿಲ್ಲ. ಕಳಿಸಿದ ಹುಡುಗ ಮನೆ ಸೇರಿದನೇ, ಬೇರೆ ಶಾಲೆ ಸೇರಿದನೇ ಎಂದು ಒಂದು ಸಲ ವಿಚಾರಿಸಿದ್ದರೆ ಸಾಕಿತ್ತು. ಅವನ ತಂದೆ ಆ ಹಿಂದಿನ ವರ್ಷವೇ ತೀರಿಕೊಂಡಿದ್ದರೆಂಬುದು, ಅವನು ಉಪಾಹಾರಗೃಹದಲ್ಲಿ ಲೋಟ ತೊಳೆದು, ಅನಂತರ ಇಲ್ಲಿ ಸೇರಿ, ತಂಗಿಯನ್ನು ಪದವಿ ತರಗತಿಯವರೆಗೆ ಓದಿಸಿರುವನೆಂಬುದು ನಮಗೆ ತಿಳಿದುದು ಗಾಂಧಿನಗರದ ಮೂರನೆಯ ಅಂತಸ್ತಿನಲ್ಲಿ.

ಐದನೆಯ ದಿನ ಮಧ್ಯಾಹ್ನ ನಮ್ಮ ಕಡತಕ್ಕೆ ಸಹಿಯಾಯಿತು. ವಸತಿಗೃಹದ ಲೆಕ್ಕವನ್ನು ತೀರಿಸಿದೆವು. ಬಂದ ಗಳಿಗೆಯಿಂದ ಹೊರಟ ಗಳಿಗೆಗೆ ಇಪ್ಪತ್ನಾಲ್ಕು ಗಂಟೆಗೊಂದು ದಿನದಂತೆ ಎಣಿಸಿ, ರಸೀತಿ ಬರೆದು, ಕೆಳಗೆ ‘ಬಾಕಿ ಇಲ್ಲ’ ಎಂದು ಗುರುತು ಹಾಕಿಕೊಟ್ಟರು. ಇನ್ನು ನಾವು ಯಾರೋ, ಅವರು ಯಾರೋ. ಈ ಸ್ಪಷ್ಟತೆ ಬಾಡಿಗೆಯ ಗುಣ. ಇಷ್ಟಕ್ಕೇ ನಿಲ್ಲುವುದು ಅದರ ಮಿತಿ. ಮಠಕ್ಕೂ ಮಠದಲ್ಲಿ ಉಂಡು ಬೆಳೆದವರಿಗೂ ನಡುವೆ ‘ಬಾಕಿ ಇಲ್ಲ’ ಎಂಬ ರಸೀತಿ ಎಂದೂ ಆಗಬಾರದು. ಅವರಿಂದ ನಮಗೆ ಬರಬೇಕಾದ ಬಾಕಿಯ ಮಾತಲ್ಲ ಇದು. ನಮ್ಮಿಂದ ಅವರಿಗೆ ಸಲ್ಲಬೇಕಾದುದು. ಬಿಲ್ವಪತ್ರೆಯ ಹಣವನ್ನು ಮೇಷ್ಟ್ರು ಆ ತರುಣನಿಗೆ ಕೊಡಲು ಹೋದಾಗ ಅವನು ಕೈ ಹಿಂದೆಳೆದುಕೊಂಡ. ನಾವು ಒತ್ತಾಯಿಸಬೇಡಿರೆಂದೆವು. ಕೊಡುವ ಸಂತೋಷ ಸ್ವಾಮಿಗಳಿಗೆ ಮಾತ್ರ ಮೀಸಲಾದುದಲ್ಲ.

ಮಠಕ್ಕೆ ಬಂದ ರಾತ್ರಿಯೇ ಶಾಲೆಯ ಕಪಾಟನ್ನು ತೆಗೆಸಿದೆವು. ಪತ್ರ ಅಲ್ಲಿಯೇ ಇತ್ತು. ಅಂದವಾದ ಅಕ್ಷರದಲ್ಲಿ ಬರೆದು, ದಿನಾಂಕ ಹಾಕಿ, ಮುದ್ರೆಯೊತ್ತಿ, ನಮ್ಮ ಸಹಿಯ ಚೀಟಿಗಾಗಿ ಕಾದಿತ್ತು. ಅದರೊಡನೆ ಬೇರೆ ಬೇರೆ ವರ್ಷಗಳ ಇನ್ನೂ ಏಳು ಪತ್ರಗಳಿದ್ದುವು. ಕಚೇರಿಯ ಮೇಜುಗಳನ್ನು ಕುರಿತು ಬೆಂಗಳೂರಿನಲ್ಲಿ ನಾವು ಆಡಿದ ಮಾತುಗಳೆಲ್ಲ ಒಂದೊಂದಾಗಿ ನಮ್ಮ ಕಡೆಗೇ ತಿರುಗಿ ನಿಂತುವು. ಎಂಟಕ್ಕೂ ಅಂದೇ ಸಹಿ ಮಾಡಿದೆವು. ಅವನದನ್ನು ಮೇಷ್ಟ್ರೇ ಬೆಂಗಳೂರಿಗೆ ಹೋಗಿ ಕೈಗೆ ಕೊಟ್ಟು ಬಂದರು. ಉಳಿದ ಏಳರಲ್ಲಿ ಮೂರು ಸೇರಬೇಕಾದವರನ್ನು ಸೇರಿವೆ. ನಾಲ್ವರ ವಿಳಾಸ ಇನ್ನೂ ದೊರೆತಿಲ್ಲ.

ಪ್ರಸಾದನಿಲಯದ ನಿಯಮಗಳಲ್ಲಿ ಈಗ ಎರಡು ಹೊಸ ಅಂಶಗಳನ್ನು ಸೇರಿಸಿದ್ದೇವೆ. ಯಾವ ವಿದ್ಯಾರ್ಥಿಯನ್ನೂ ಪೋಷಕರನ್ನು ಕಾಣದೆ ಹೊರಗೆ ಕಳಿಸತಕ್ಕದ್ದಲ್ಲ. ಕಳಿಸಿದವನ ಸ್ಥಿತಿಯನ್ನು ಆರು ತಿಂಗಳ ಒಳಗೆ ವಿಚಾರಿಸಿ ಬರೆದಿಡತಕ್ಕದ್ದು. ಹಾಗೆಯೇ ಹಳೆಯ ವಿದ್ಯಾರ್ಥಿಗಳ ಸಮ್ಮೇಳನಕ್ಕೆ ಇದುವರೆಗೆ ಪರೀಕ್ಷೆಯಲ್ಲಿ ತೇರ್ಗಡೆಯಾದವರ ಪಟ್ಟಿಯಿಂದ ಆಹ್ವಾನ ಹೋಗುತ್ತಿತ್ತು. ವೈದ್ಯರು, ಎಂಜಿನಿಯರುಗಳು, ಅಧಿಕಾರಿಗಳು ಬಂದು ವೇದಿಕೆಯನ್ನು ಅಲಂಕರಿಸುತ್ತಿದ್ದರು, ನಾವೂ ಹೆಮ್ಮೆಪಡುತ್ತಿದ್ದೆವು. ಇನ್ನು ಮುಂದೆ ಆಹ್ವಾನ ಹೋಗುವುದು ದಾಖಲಾತಿ ಪುಸ್ತಕದಿಂದ. ಹೊಡೆದುಹಾಕಿದ ಹೆಸರುಗಳಿಗೂ ಹೋಗುತ್ತದೆ.

ಇದಕ್ಕೆ ಹಳೆಯ ವಿದ್ಯಾರ್ಥಿಗಳ ನೆರವು ಬೇಕು. ನಿಮ್ಮ ಸಾಲಿನಲ್ಲಿ ಕುಳಿತು ಉಂಡವನೊಬ್ಬ ನಡುವೆಯೇ ಎದ್ದುಹೋಗಿರಬಹುದು. ಅವನು ಇಂದು ಒಂದು ಅಂಗಡಿಯಲ್ಲಿಯೋ, ಗ್ಯಾರೇಜಿನಲ್ಲಿಯೋ, ನೀವು ಇಳಿದುಕೊಂಡ ವಸತಿಗೃಹದಲ್ಲಿಯೋ ಇರಬಹುದು. ನಿಮ್ಮನ್ನು ಗುರುತಿಸಿಯೂ ಸುಮ್ಮನಿರಬಹುದು. ನೀವೇ ಮಾತನಾಡಿಸಿರಿ, ಅವನ ವಿಳಾಸವನ್ನು ಮಠಕ್ಕೆ ಬರೆದು ಕಳಿಸಿರಿ.

ಆ ತರುಣ ಪರೀಕ್ಷೆಗೆ ಹಣ ಕಟ್ಟಿದ್ದಾನೆಂದು ಮೇಷ್ಟ್ರಿಗೆ ದೂರವಾಣಿಯಲ್ಲಿ ತಿಳಿಸಿದ್ದಾನೆ. ರಾತ್ರಿಯ ಕೆಲಸ ಮುಗಿಸಿ, ಲಿಫ್ಟಿನ ಪಕ್ಕದ ಸಣ್ಣ ಕೋಣೆಯಲ್ಲಿ ಓದುತ್ತಾನಂತೆ. ಗಣಿತ ಕಷ್ಟವಾಗಿದೆಯಂತೆ. ಮಠಕ್ಕೆ ಇನ್ನೂ ಬಂದಿಲ್ಲ. ಬರುವ ಸಮ್ಮೇಳನಕ್ಕೆ ಆಹ್ವಾನ ಹೋಗಿದೆ. ಬರುವುದು ಬಿಡುವುದು ಅವನಿಗೆ
ಬಿಟ್ಟದ್ದು. ಬಂದರೆ ಪಂಕ್ತಿಯಲ್ಲಿ ಅವನಿಗೆ ನಾವೇ ಬಡಿಸಬೇಕೆಂದಿದ್ದೇವೆ.

ಭಕ್ತರ ಮನೆಯಲ್ಲಿ ಇಳಿದಿದ್ದರೆ ನಮಗೆ ಸುಖವಾಗುತ್ತಿತ್ತು; ಈ ಪಾಠವಾಗುತ್ತಿರಲಿಲ್ಲ. ಆಕ್ಷೇಪಿಸಿ ಬರೆದ ಸದ್ಭಕ್ತರು ಇದನ್ನು ಓದಿ ನಮ್ಮನ್ನು ಮನ್ನಿಸುವರೆಂದು ನಂಬಿದ್ದೇವೆ. ಮನೆಯಿರುವವರಿಗೂ, ಮನೆ ಬಿಟ್ಟು ದುಡಿಯುವವರಿಗೂ, ಈ ರಾತ್ರಿ ಯಾವುದೋ ಊರಿನ ಬಾಡಿಗೆಯ ಕೋಣೆಯಲ್ಲಿ ಮಲಗಿರುವವರಿಗೂ, ಅವರ ಹಾಸಿಗೆಯನ್ನು ಹಾಸಿಕೊಟ್ಟವರಿಗೂ ಸನ್ಮಂಗಳವಾಗಲಿ.